ಬುಖಾರಾ ಬಜಾರಿನಲ್ಲಿ ಒಂಟಿ ಚೌಕಾಸಿ

ಇವತ್ತು ಬುಖಾರಾದ ಹಳೇ ಗುಮ್ಮಟದ ಬಜಾರಿನಲ್ಲಿ ನನ್ನ ಮಾನ ಹೋಯಿತು, ಗೆಳೆಯರೇ. ರೇಷ್ಮೆ ಶಾಲಿನ ಅಂಗಡಿಯವನು ಬೆಲೆ ಇಳಿಸಲೊಲ್ಲ.

"ಚೌಕಾಸಿ ಮಾಡಿ ಸಾರ್, ಇಲ್ಲಿ ಮಾಡ್ಲೇಬೇಕು," ಅಂದ ನಮ್ಮ ಟೂರ್ ಗೈಡ್.

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಚೌಕಾಸಿಯೆಲ್ಲ ನನ್ನ ಹೆಂಡತಿ ಸರೋಜಳದು. ಬೆಲೆ ಇಳಿಯದಿದ್ದರೆ ಅವಳ ಕೈ ಹಿಡಿದು ಹೊರಗೆಳೆಯುವುದಷ್ಟೇ ನನ್ನ ಪಾತ್ರ. ಅದೇ ಅಭ್ಯಾಸ. "ಬಾರೇ ಸರೋಜಾ, ಬೇರೆ ಕಡೆ ನೋಡೋಣ" ಎಂದು ಪಕ್ಕಕ್ಕೆ ಕೈ ಚಾಚಿಬಿಟ್ಟೆ.

ಟೂರಿನವರೆಲ್ಲ ಶಾಲುಗಳತ್ತ ಮುಖ ತಿರುಗಿಸಿದರು. ಆಸೆಯಿಂದ ಇಬ್ಬರಿಗೂ ಟಿಕೆಟ್ ಮಾಡಿಸಿದವಳು ಹೊರಡುವ ಮೊದಲೇ ತೀರಿಕೊಂಡದ್ದು ಅವರಿಗೆ ಗೊತ್ತು. ಅಂಗಡಿಯವನಿಗೇನು ಗೊತ್ತು? ನಾನು ಹೊರಟೇಬಿಟ್ಟೆನೆಂದು ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಕೊಂಡುಕೊಂಡೆ.

"ಇಷ್ಟಕ್ಕೇ ಒಪ್ಕೊಂಡ್ಬಿಟ್ರಾ?" ಎಂದು ಅವಳಿದ್ದಿದ್ದರೆ ದಾರಿಯುದ್ದಕ್ಕೂ ಬೈಯುತ್ತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಬೈಯಲಿಲ್ಲ.