ಸೂಜಿ ಬೀರಮ್ಮ

ಕೆರಗೋಡಿನ ಬೀರಮ್ಮ ಬಾಣಂತಿಯನ್ನು ನೋಡಲು ಬಂದರೆ ಮಗುವಿನ ಮುಖಕ್ಕಿಂತ ಮೊದಲು ತಾಯಿಯ ರಕ್ತದ ಗುಂಪು ವಿಚಾರಿಸುತ್ತಾರೆ. ಮಂಡ್ಯದ ಬಸ್ಸಿನಲ್ಲಿ ಬಸುರಿಯರಿಗೆ ಸೀಟು ಬಿಡಿಸಿಕೊಡುವುದೂ ಅದನ್ನು ಕೇಳುವುದಕ್ಕೇ. "ನಿಂದು ನೆಗೆಟಿವ್ವು, ಕೂಸಿಂದು ಪಾಸಿಟಿವ್ವಾ? ಅಂಗಾರೆ ಆಸ್ಪತ್ರೆ ಬುಡೋಕ್ ಮುಂಚೆ ಸೂಜಿ ಆಕುಸ್ಕೊ ಕಣವ್ವ. ಈ ಕೂಸ್ಗಲ್ಲ, ಮುಂದಿನ್ ಕೂಸು ಉಳೀಲಿ ಅಂತ!" ಬಾಣಂತಿಗೆ ನಂಜಾಗುತ್ತದೆಂದು ತವರಿನವರು ತಡೆದರೆ ವಾರ್ಡಿನಲ್ಲೇ ರಂಪ. ಇಂಥ ಬಾಯಿಯ ಬೀರಮ್ಮ ತಮ್ಮ ಮನೆಯೊಳಗೆ ಮಾತ್ರ ಸೂಜಿಯ ಸುದ್ದಿ ಎತ್ತುವುದಿಲ್ಲ. ಅವರ ಚೊಚ್ಚಲ ಹೆರಿಗೆಯಲ್ಲಿ ನಂಜೆಂದು ಸೂಜಿ ಬೇಡವೆಂದವರು ಅವರ ಹೆತ್ತವ್ವ. ಆಮೇಲಿನ ಎರಡು ಕೂಸುಗಳೂ ಉಳಿಯಲಿಲ್ಲ. ಈಗ ಹಣ್ಣಾದ ಆ ಮುದುಕಿಗೆ ಬೀರಮ್ಮನೇ ತುತ್ತಿಡುತ್ತಾರೆ. "ಆ ಕೂಸ್ಗಳು ಯಾಕ್ ಉಳೀಲಿಲ್ವೋ ಮಗ" ಎಂದು ಅವ್ವ ಕೇಳಿದಾಗಲೆಲ್ಲ ಒಂದೇ ಉತ್ತರ: "ದೇವ್ರು ಕೊಡ್ನಿಲ್ಲ ಬುಡು, ಉಣ್ಣವ್ವ."