ಹರಿದ ನಾಲ್ಕು ಹಾಳೆ

ನಿಜಾಮನ ಆ ಕಾಲದಲ್ಲಿ ನಮ್ಮ ಮಸ್ಕಿಯಲ್ಲಿ ಕನ್ನಡ ಕಾದಂಬರಿ ಕಣ್ಣಿಗೆ ಬೀಳುವುದೇ ಅಪರೂಪ. ಶಾಲೆಯಲ್ಲಿ ಕಲಿಸುತ್ತಿದ್ದದ್ದು ಉರ್ದು, ಅದೂ ಗಂಡುಹುಡುಗರಿಗೆ. ದೊಡ್ಡಪ್ಪನ ಮಗಳು ಶಾಂತವ್ವ ಮಾತ್ರ ಗದಗಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಓದಿ ಬಂದಿದ್ದಳು. ಬರುವಾಗ ಬಟ್ಟೆಗಂಟಿನಲ್ಲಿ ಎರಡು ಕಾದಂಬರಿ ತಂದಳು. ಆಗ ನಮ್ಮಿಬ್ಬರಿಗೂ ಹನ್ನೆರಡು ವರ್ಷ. ಅಜ್ಜ ಮರಳಿನ ಮೇಲೆ ತಿದ್ದಿಸಿದ ಅಕ್ಷರ ಬಿಟ್ಟರೆ ನನಗೆ ಓದು ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂಡಿ ಶ್ಯಾವಿಗೆ ಹೊಸೆಯುತ್ತಿದ್ದರು. ಓದುವವಳು ಹಿಟ್ಟು ಮುಟ್ಟಬಾರದು, ಪುಸ್ತಕ ಹೊಲಸಾಗುತ್ತದೆ. ಹಾಗಾಗಿ ಶಾಂತವ್ವ ಕಂಬಕ್ಕೊರಗಿ ಹುರಿದ ಶೇಂಗಾ, ಬೆಲ್ಲ ತಿನ್ನುತ್ತ ಓದುತ್ತಿದ್ದಳು. ನಾನು ಅಂಗಳದ ಬಿಸಿಲಲ್ಲಿ ಎಳೆಗಳನ್ನು ಒಣಗಲು ಕೋಲಿಗೆ ಹಾಕುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ಒಂದು ಕಾದಂಬರಿಯಲ್ಲಿ ಕಳ್ಳ, ಕೋಟೆ, ಸುರಂಗ. ಇನ್ನೊಂದರಲ್ಲಿ ಅತ್ತೆ ಹೊರಹಾಕಿದ ಸೊಸೆ.

“ಕಳ್ಳಂದು ಓದಬೇ, ಇದರಾಗ ಬರೇ ಅಳೋದ ಐತಿ” ಅಂದೆ.

“ನಿನಗ ಬೇಕಾದ್ರ ನೀನ ಓದ್ಕೋ” ಅಂದಳು ಶಾಂತವ್ವ, ನನಗೆ ಬರುವುದಿಲ್ಲವೆಂದು ಗೊತ್ತಿದ್ದೂ.

ನನ್ನ ಅವ್ವ ಮಣೆಯಿಂದ ತಲೆ ಎತ್ತದೆ, “ಕಳ್ಳರನ್ನ ನೋಡಾಕ ಪುಸ್ತಕ ಯಾಕ ಬೇಕು? ನಿಮ್ಮ ಕಾಕಾ ಅದಾನಲ್ಲ. ಸೊಸಿ ಏನಾದ್ಲು, ಅದನ್ನ ಓದವಾ ಶಾಂತಾ” ಅಂದಳು. ಎಲ್ಲರೂ ನಕ್ಕರು. ಹೆತ್ತವಳೇ ಅವಳ ಕಡೆ.

ಮರುದಿನ ಶಾಂತವ್ವ ಜಳಕಕ್ಕೆ ಹೋದಾಗ ಸೊಸೆಯ ಕಾದಂಬರಿಯ ಕೊನೆಯ ನಾಲ್ಕು ಹಾಳೆ ಹರಿದು ಕುಪ್ಪಸದೊಳಗೆ ಸಿಕ್ಕಿಸಿಕೊಂಡೆ. ಎಲ್ಲರ ಮುಂದೆ ಅವಳ ಬಾಯಿ ಕಟ್ಟಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಮಧ್ಯಾಹ್ನ ಓದುತ್ತ ಬಂದವಳು ಪುಟ ತಿರುವಿದಳು. ರಟ್ಟು ಬಂತು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಬರಿಯ ರಟ್ಟಿನ ಮೇಲೆ ಕಣ್ಣಿಟ್ಟು ಓದಿಯೇ ಓದಿದಳು. ಸೊಸೆ ಊರಿಗೆ ತಿರುಗಿ ಬಂದಳು, ಅತ್ತೆಯ ಎದುರು ಮನೆಯನ್ನೇ ಹಿಡಿದಳು, ದಿನಾ ಬೆಳಿಗ್ಗೆ ಅತ್ತೆಗೆ ಕಾಣುವಂತೆ ಬಾಗಿಲಿಗೆ ರಂಗೋಲಿ ಹಾಕಿದಳು. ದೊಡ್ಡವ್ವನ ಕೈಯಲ್ಲಿ ಹಿಟ್ಟು ಒಣಗಿತು.

“ಬರದ್ರ ಹಿಂಗ ಬರೀಬೇಕು ನೋಡು” ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದು ಸುಳ್ಳೆಂದು ನಾನು ಹೇಳಬಹುದಿತ್ತು. ಹೇಳಿದರೆ ಹಾಳೆ ತೋರಿಸಬೇಕಾಗುತ್ತಿತ್ತು.

ಹಿತ್ತಲಲ್ಲಿ ಅಕ್ಷರಕ್ಕೊಂದರಂತೆ ಬೆರಳಿಟ್ಟು ಆ ನಾಲ್ಕು ಹಾಳೆ ಓದಿ ಮುಗಿಸಲು ನನಗೆ ಎಂಟು ದಿನ ಹಿಡಿಯಿತು. ಅಚ್ಚಾಗಿದ್ದ ಕಥೆಯಲ್ಲಿ ಸೊಸೆ ಅತ್ತೆಯ ಕಾಲಿಗೆ ಬಿದ್ದು ತಪ್ಪಾಯಿತೆನ್ನುತ್ತಾಳೆ. ಶಾಂತವ್ವ ಕಟ್ಟಿದ್ದೇ ಚೆನ್ನಾಗಿತ್ತು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ಅದೇ ಉರಿಯಲ್ಲಿ ಕಳ್ಳನ ಕಾದಂಬರಿಯನ್ನೂ ಓದಿ ಮುಗಿಸಿದೆ. ನಾನು ಓದು ಕಲಿತದ್ದು ಹಾಗೆ.

ಹಾಳೆ ಯಾರು ಹರಿದರೆಂದು ಶಾಂತವ್ವ ಸಾಯುವವರೆಗೂ ಕೇಳಲಿಲ್ಲ. ಈಗ ಶ್ಯಾವಿಗೆ ಪಾಕೀಟಿನಲ್ಲಿ ಬರುತ್ತದೆ. ಮೊಮ್ಮಗಳ ಕಪಾಟಿನ ತುಂಬ ಕಾದಂಬರಿಗಳಿವೆ, ಅವಳು ಬಾಯಿ ಮುಚ್ಚಿಕೊಂಡು ಒಬ್ಬಳೇ ಓದುತ್ತಾಳೆ. ಕಳ್ಳನ ಕಥೆಯೇ ಒಳ್ಳೆಯದೆಂದು ಅವಳಿಗೆ ಹೇಳಿದರೆ, “ಹೌದಜ್ಜಿ” ಅಂದು ಪುಟ ತಿರುವುತ್ತಾಳೆ. ಅಲ್ಲ ಅನ್ನುವವಳು ಒಬ್ಬಳೇ ಇದ್ದಳು.