ಅರ್ಧಕ್ಕೆ ನಿಂತ ಕಹಳೆ

ಸ್ನೇಹಿತರೇ, ನ್ಯಾಯ ನೀವೇ ಹೇಳಿ.

ಆಫೀಸಿನವರ ಜೊತೆ ಪೋಲೆಂಡಿನ ಕ್ರಾಕೋವ್ ಸುತ್ತಿ ನನ್ನ ಗಂಡ ಇವತ್ತು ಬೆಳಿಗ್ಗೆ ದುಬೈಯ ಕರಾಮದಲ್ಲಿರುವ ನಮ್ಮ ಮನೆಗೆ ಬಂದರು. ರಜೆ ಸಿಗದೆ ಇಲ್ಲೇ ಉಳಿದ ನಾನು ಕೇಳಿದ್ದು ಒಂದೇ, ಅಲ್ಲಿನ ಚರ್ಚಿನ ಗೋಪುರದಿಂದ ಊದುವ ಕಹಳೆಯ ರೆಕಾರ್ಡಿಂಗ್. ಮೊಬೈಲಿನಲ್ಲಿ ಅಲ್ಲಿನ ಕಡುಬು ತಿಂದ ವಿಡಿಯೋ ಇದೆ, ಮಾಲ್ ಸುತ್ತಿದ ವಿಡಿಯೋ ಇದೆ, ಕಹಳೆ ಇಲ್ಲ.

"ಅವ ಅರ್ಧದಲ್ಲೇ ನಿಲ್ಲಿಸಿದ ಮಾರಾಯ್ತಿ. ಡಿಲೀಟ್ ಮಾಡಿದೆ."

"ಹಿಂದೊಮ್ಮೆ ಶತ್ರು ಬಂದ್ರು ಅಂತ ಊದ್ತಾ ಇದ್ದ ಕಾವಲುಗಾರನಿಗೆ ಅಷ್ಟರಲ್ಲೇ ಬಾಣ ತಾಗಿತಂತೆ. ಅವನ ನೆನಪಿಗೆ ಈಗಲೂ ಅಲ್ಲಿಗೇ ನಿಲ್ಲಿಸುದು. ಹೋಗುವಾಗಲೇ ಹೇಳಿದ್ದೆನಲ್ಲ?"

"ಈಗ ಬಾಣ ಬಿಡುವವರು ಯಾರಿದ್ದಾರೆ? ಪೂರ್ತಿ ಊದ್ಲಿಕ್ಕೆ ಏನು ತೊಂದರೆ?"

ಮಧ್ಯಾಹ್ನ ಬರೀ ಅನ್ನ ಬಡಿಸಿ, ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದೆ. "ಮೀನು ಸಾರು ಎಲ್ಲಿ?" ಎಂದು ಇನ್ನೂ ಕೇಳುತ್ತಿದ್ದಾರೆ. ಬಾಣ ಬಿಡುವವರು ಈಗಲೂ ಇದ್ದಾರೆಂದು ಗೊತ್ತಾಗಲಿ.